ಟೀಚರೂ ನಮ್ಮನೆ ಮಸಿಬಟ್ಟೆಯೂ

"ಸೈನ್ಸ್ ಟೀಚರ್ ಅಲ್ವಾ? ಕ್ರಿಮಿ ಅಂದ್ರೆ ಏನು ಅಂತ ಗೊತ್ತಿತ್ತು. ಅದಕ್ಕೇ ಅಷ್ಟು ಚೊಕ್ಕಟ."

ನಮ್ಮ ಬೀದಿಯವರು ಎದುರುಮನೆಯ ರಿಟೈರಾದ ಟೀಚರ ಬಗ್ಗೆ ಹೇಳುವ ಮಾತು ಇದು. ಮಧುಗಿರಿಯ ಬಾಡಿಗೆ ಮನೆ ಖಾಲಿ ಮಾಡಿ ಅವರು ಪಾವಗಡಕ್ಕೆ, ತಂಗಿಯ ಮನೆಗೆ ಹೊರಟ ದಿನ ಲಗೇಜ್ ಆಟೋದ ಸುತ್ತ ನಿಂತವರೆಲ್ಲ ಇದನ್ನೇ ಹೇಳಿದರು. ಆಮೇಲೆ ಮಾತು ನಮ್ಮ ಅಮ್ಮನ ಕಡೆ ತಿರುಗಿತು. ಅಮ್ಮ ಕ್ಯಾನ್ಸರ್ ಗೆದ್ದು ಬಂದದ್ದು ಟೀಚರ್ ಕಾಪಾಡಿದ ಚೊಕ್ಕಟದಿಂದ ಎಂದು ಮೂಲೆಮನೆಯವರು ತೀರ್ಪು ಕೊಟ್ಟರು. ಉಳಿದವರು ತಲೆಯಾಡಿಸಿದರು.

ನನ್ನ ತಕರಾರು ಇದೆ. ಅಮ್ಮನನ್ನು ಉಳಿಸಿದ್ದು ಔಷಧಿ. ಇದನ್ನು ಟೀಚರೇ ಎಲ್ಲರಿಗಿಂತ ಮೊದಲು ಒಪ್ಪುತ್ತಾರೆ. ಅದಕ್ಕಿಂತ ದೊಡ್ಡ ತಕರಾರೆಂದರೆ, ಆ ಚೊಕ್ಕಟ ಸೈನ್ಸಿನಿಂದಲೇ ಬಂದದ್ದು ಎಂದು ಸಾಬೀತು ಮಾಡಿದವರು ಯಾರು? ಸೈನ್ಸ್ ಕಲಿಸುವವರು ಮಾಡುವುದೆಲ್ಲ ಸೈನ್ಸ್ ಆಗುವುದಾದರೆ, ನಾನು ಕೋರ್ಟಿನ ಎದುರು ಕುಡಿಯುವ ಟೀಯೂ ಕಾನೂನೇ ಆಗಬೇಕು.

ನಾನು ಈಗ ಇಲ್ಲಿನ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಇದ್ದೇನೆ. ವಾದದ ಚಾಳಿ ಹತ್ತಿದ್ದು ಮಾತ್ರ ಹೈಸ್ಕೂಲಿನಲ್ಲಿ, ಹತ್ತಿಸಿದವರು ಈ ಟೀಚರೇ. ಚರ್ಚಾಸ್ಪರ್ಧೆಗೆ ಯಾರನ್ನು ತಯಾರು ಮಾಡಿದರೂ ಪರ, ವಿರೋಧ ಎರಡನ್ನೂ ಬಾಯಿಗೆ ಬರಿಸುವವರೆಗೆ ಬಿಡುತ್ತಿರಲಿಲ್ಲ. "ಯಾವ ಕಡೆ ಚೀಟಿ ಬಂದ್ರೂ ನಿಂತ್ಕೋಬೇಕು ಕಣೇ. ನಂಬಿಕೆ ಮನೇಲಿ ಬಿಟ್ಟು ಬಾ, ಕಾರಣ ತಗೊಂಡು ಬಾ," ಎನ್ನುತ್ತಿದ್ದರು. ಎತ್ತರದ ಹೆಂಗಸು. ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತದ್ದನ್ನು ನಾನು ನೋಡಿಲ್ಲ. ಕನ್ನಡಕಕ್ಕೆ ಕಪ್ಪು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು, ಅದೂ ಕೊರಳಲ್ಲಿದ್ದ ಲಿಂಗದ ಕರಡಿಗೆಯೂ ಆಗಾಗ ತೊಡಕಿಕೊಳ್ಳುತ್ತಿದ್ದವು. ಮಾತಾಡುತ್ತಲೇ ಎರಡನ್ನೂ ಬಿಡಿಸಿಕೊಳ್ಳುತ್ತಿದ್ದರು, ಮಾತು ಮಾತ್ರ ತೊಡಕುತ್ತಿರಲಿಲ್ಲ.

ಪರೀಕ್ಷೆಯಲ್ಲಿ 'ಕಾರಣ ಕೊಡಿ' ಎಂಬ ಪ್ರಶ್ನೆ ಇರುತ್ತದಲ್ಲ, ಅದು ಅವರಿಗೆ ಪ್ರಶ್ನೆಪತ್ರಿಕೆಯ ಹೊರಗೂ ಬೇಕಿತ್ತು. ಟೊಮೇಟೊ ಮಾರುವವನು ರೇಟು ಏರಿಸಿದರೆ, "ಕಾರಣ ಕೊಡಪ್ಪ." ಕರೆಂಟು ಹೋದರೆ ಲೈನ್‌ಮನ್‌ಗೆ ಫೋನು, "ಕಾರಣ ಕೊಡಿ." ನಮ್ಮ ಅಪ್ಪ ಬಸ್ ಡ್ರೈವರ್. ಒಮ್ಮೆ ಕೊರಟಗೆರೆಯಿಂದ ಬರುವಾಗ ಬಸ್ಸು ತಡವಾಗಿದ್ದಕ್ಕೆ ಇಡೀ ಬಸ್ಸಿನ ಎದುರು ಅಪ್ಪನನ್ನು ಕಾರಣ ಕೇಳಿದ್ದರು. "ಕುರಿ ಅಡ್ಡ ಬಂದ್ವು ಟೀಚರ್," ಎಂದಿದ್ದರಂತೆ ಅಪ್ಪ. "ಕುರಿ ಎಷ್ಟೊತ್ತು ಅಡ್ಡ ಇರ್ತವೆ? ಟೀ ಅಂಗಡಿ ಎಷ್ಟೊತ್ತು ಅಡ್ಡ ಇತ್ತು?" ಎಂದು ಅವರು ಕೇಳಿದಾಗ ಕಂಡಕ್ಟರ್ ಮುಖ ಆಚೆ ತಿರುಗಿಸಿಕೊಂಡರಂತೆ.

ಇಂಥವರನ್ನು ಯಾರೂ ಕಾರಣ ಕೇಳಿರಲಿಲ್ಲ. ನಾನು ಕೇಳಬೇಕಾಗಿತ್ತು.

ಅವರು ಎಲ್ಲಿಗೆ ಹೋದರೂ ಚೀಲದಲ್ಲಿ ಒಂದು ಸ್ಟೀಲ್ ಬಾಟಲಿ ಇರುತ್ತಿತ್ತು. ನಮ್ಮ ಮನೆಗೆ ಬಂದಾಗ ಅಮ್ಮ ನೀರು ತಂದರೆ, "ಬೇಡಮ್ಮ, ಇದೆ," ಎಂದು ಚೀಲ ತಟ್ಟುತ್ತಿದ್ದರು. ಬೀದಿಯವರು ಇದನ್ನೂ ಸೈನ್ಸಿನ ಲೆಕ್ಕಕ್ಕೇ ಬರೆದುಕೊಂಡರು: ಕುದಿಸಿ ಆರಿಸಿದ ನೀರು, ಟೀಚರ್ ನೋಡಿ ಕಲಿಯಬೇಕು. ಸರಿ. ಆದರೆ ಅವರದೇ ಬಳಗದ ಮದುವೆಯೊಂದು ಚನ್ನರಾಯನದುರ್ಗದಲ್ಲಿ ಆದಾಗ ನಾನೂ ಹೋಗಿದ್ದೆ. ಅಲ್ಲಿ ಬಾಟಲಿ ಚೀಲದಿಂದ ಹೊರಗೇ ಬರಲಿಲ್ಲ. ಡ್ರಮ್ಮಿನ ನೀರನ್ನು ಲೋಟ ಎತ್ತಿ ಕುಡಿದರು. ಕ್ರಿಮಿಗಳೇನು ಬಳಗ ನೋಡಿ ಬರುತ್ತವೆಯೆ?

ಇಷ್ಟಕ್ಕೆ ಕೇಸು ಗೆದ್ದೆ ಎಂದುಕೊಂಡರೆ ಎದುರುಪಕ್ಷಕ್ಕೂ ಸಾಕ್ಷಿ ಇತ್ತು. ಸಿರಾ ಬಸ್‌ಸ್ಟ್ಯಾಂಡಿನಲ್ಲಿ ಯಾರು ಕರಿದ ಬೋಂಡವಾದರೂ ಸರಿ, ಪೇಪರ್ ಮೇಲೆ ಹಾಕಿಸಿಕೊಂಡು ನಿಂತಲ್ಲೇ ತಿನ್ನುತ್ತಿದ್ದರು. ಕರಿಯುವವರ ಜಾತಿ ಕೇಳುತ್ತಿರಲಿಲ್ಲ. ನಾನು ಕಣ್ಣರಳಿಸಿ ನೋಡಿದರೆ, "ಎಣ್ಣೇಲಿ ಬೆಂದದ್ದಕ್ಕೆ ಏನೂ ಅಂಟಲ್ಲ ಕಣೇ," ಎನ್ನುತ್ತಿದ್ದರು. ಏನು ಅಂಟುವುದಿಲ್ಲ, ಕ್ರಿಮಿಯೋ ಮೈಲಿಗೆಯೋ? ನನ್ನ ಅಜ್ಜಿಯೂ ಅದೇ ಮಾತು ಹೇಳುತ್ತಿದ್ದಳು. ಅಜ್ಜಿ ಮೈಕ್ರೋಸ್ಕೋಪ್ ನೋಡಿದವಳಲ್ಲ.

ಇದಿಷ್ಟೂ ನನ್ನ ಮನಸ್ಸಿನೊಳಗಿನ ವಾದ. ಅದು ಅಡುಗೆಮನೆಗೆ ಇಳಿದದ್ದು ಅಮ್ಮನಿಗೆ ಕೀಮೋ ಶುರುವಾದ ಮೇಲೆ.

ತುಮಕೂರಿನ ಡಾಕ್ಟರು ಅಮ್ಮನ ರಕ್ತದ ರಿಪೋರ್ಟ್ ಹಿಡಿದು ನನಗೆ ಬಿಡಿಸಿ ಹೇಳಿದ್ದರು. ಸೋಂಕಿನ ಜೊತೆ ಹೊಡೆದಾಡುವ ಬಿಳಿ ರಕ್ತಕಣ ಈ ದಿನಗಳಲ್ಲಿ ಕಮ್ಮಿ ಇರುತ್ತದೆ, ಊಟ ಬಿಸಿಯಾಗಿರಲಿ, ಅಡುಗೆಮನೆ ಚೊಕ್ಕಟವಾಗಿರಲಿ, ಮೈ ಸ್ವಲ್ಪ ಬಿಸಿಯಾದರೂ ಕಾಯುತ್ತ ಕೂರಬೇಡಿ, ಬಂದುಬಿಡಿ. ಬೇರೆಯವರಿಗೆ ಹೊಟ್ಟೆ ಕೆಡಿಸಿ ಬಿಟ್ಟುಹೋಗುವ ಕ್ರಿಮಿ ಅಮ್ಮನನ್ನು ಕರೆದುಕೊಂಡು ಹೋಗಬಲ್ಲದು ಎಂದು ನನಗೆ ಅರ್ಥವಾಯಿತು. ಮನೆಗೆ ಬಂದು ಅಡುಗೆಮನೆಯನ್ನು ಹೊಸದಾಗಿ ನೋಡಿದೆ. ಸಿಂಕಿನ ಪಕ್ಕದಲ್ಲಿ ನಮ್ಮ ಮಸಿಬಟ್ಟೆ ಒದ್ದೆಯಾಗಿ ಮುದುಡಿ ಕೂತಿತ್ತು.

ಮರುದಿನ ಬೆಳಿಗ್ಗೆ ಟೀಚರ್ ಬಂದರು. ಕೇಳಲಿಲ್ಲ, ಹೇಳಿದರು. "ಇವತ್ತಿಂದ ಅಡುಗೆ ನಂದು. ನೀನು ಕೋರ್ಟಿಗೆ ಹೋಗು. ನಿನ್ ಕೈ ಅಡುಗೆ ತಿಂದ್ರೆ ನಿಮ್ಮಮ್ಮಂಗೆ ಕೀಮೋನೇ ವಾಸಿ ಅನ್ಸುತ್ತೆ."

ನಮ್ಮದು ಭಾನುವಾರ ತಪ್ಪದೆ ಬಾಡು ಬೇಯುವ ಮನೆ. ಎದುರುಮನೆಯ ಟೀಚರು ಆ ದಿನ ಬೀದಿಕಡೆಯ ಕಿಟಕಿ ಹಾಕಿಕೊಳ್ಳುತ್ತಿದ್ದರು. ಅಂಥವರು ನಮ್ಮ ಅಡುಗೆಮನೆಯ ಹೊಸಿಲು ದಾಟಿದ್ದು ಅದೇ ಮೊದಲು. ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದವರು ಸಿಂಕಿನ ಪಕ್ಕದಿಂದ ಎರಡು ಬೆರಳಲ್ಲಿ ಮಸಿಬಟ್ಟೆ ಎತ್ತಿದರು.

"ಏನಮ್ಮ ಇದು?"

"ನಮ್ಮನೆಯೋರ ಹಳೇ ಪ್ಯಾಂಟು ಟೀಚರಮ್ಮ," ಎಂದಳು ಅಮ್ಮ, ಗೋಡೆಗೆ ಒರಗಿ ಕೂತು. "ಖಾಕಿ ಅಲ್ವಾ, ಬಿಸಿ ಪಾತ್ರೆ ಹಿಡುದ್ರೂ ಕೈಗೆ ತಟ್ಟಾಕಿಲ್ಲ."

"ಇದು ಏನೇನು ಒರೆಸಿದೆ?"

"ಎಲ್ಲಾನೂವೆ. ಒಲೆ, ಕಟ್ಟೆ, ಕೋಳಿ ಕುಯ್ಯೋ ಮಣೆ…"

ಟೀಚರ್ ಅದನ್ನು ಕೆಳಗಿಟ್ಟು ಕೈ ತೊಳೆದರು. ಸೋಪು ಹಾಕಿ, ಇನ್ನೊಮ್ಮೆ ಸೋಪು ಹಾಕಿ. ನಾನು ಅವರ ಮುಖ ನೋಡುತ್ತಿದ್ದೆ. ಯಾವುದಕ್ಕೆ ಆ ಮುಖ ಹಾಗೆ ಕಿವುಚಿಕೊಂಡಿತು? ಒದ್ದೆ ಬಟ್ಟೆಗೋ, ಕೋಳಿಗೋ?

ಆ ವಾರ ತುಮಕೂರಿಗೆ ಹೋದಾಗ ದೊಡ್ಡ ಅಂಗಡಿಯೊಂದರಿಂದ ಪೇಪರ್ ಟವೆಲ್ ತಂದೆ. ಒರೆಸು, ಬಿಸಾಡು. ಫೋನಿನಲ್ಲಿ ಓದಿದ್ದನ್ನೆಲ್ಲ ಒಪ್ಪ ಮಾಡಿ ವಾದ ಸಿದ್ಧಪಡಿಸಿಕೊಂಡಿದ್ದೆ. ಅವರು ಹಳೇ ಕಾಲದವರು, ಬಟ್ಟೆಯ ಪರ ನಿಲ್ಲುತ್ತಾರೆ, ದುಂದು ಎನ್ನುತ್ತಾರೆ, ಕಸ ಎನ್ನುತ್ತಾರೆ. ಎಲ್ಲಕ್ಕೂ ನನ್ನ ಹತ್ತಿರ ಉತ್ತರವಿತ್ತು.

ಟೀಚರ್ ಒಂದು ತುಂಡು ಹರಿದು ಕಟ್ಟೆಯ ಮೇಲಿನ ನೀರಿಗೆ ಒತ್ತಿದರು. ಬೆಳಕಿಗೆ ಹಿಡಿದು ನೋಡಿ ಕಸದ ಡಬ್ಬಕ್ಕೆ ಹಾಕಿದರು. ಮುಖ ಅರಳಿತು.

"ಒಳ್ಳೇದು ತಂದೆ ಕಣೇ. ಎಲೆ ಇದ್ದಂಗೆ ಇದೆ. ಉಂಡ ಎಲೇನ ಯಾರಾದ್ರೂ ತೊಳೆದು ಎತ್ತಿಡ್ತಾರಾ? ಇದೂ ಹಂಗೇ. ಯಾರೂ ಮುಟ್ಟಿದ್ದಲ್ಲ, ಇನ್ನೊಬ್ರು ಮುಟ್ಟೋದೂ ಇಲ್ಲ."

ಗೆದ್ದ ವಾದಕ್ಕೆ ಸಂತೋಷಪಡಬೇಕಿತ್ತು. ನನಗೆ ಕೊನೆಯ ಮಾತು ಚುಚ್ಚಿತು. ಯಾರೂ ಮುಟ್ಟಿದ್ದಲ್ಲ ಅಂದರೆ? ಯಾರು ಅಂದರೆ? ಎಲೆಯಲ್ಲಿ ಉಂಡು ಎಸೆಯುವ ಪದ್ಧತಿ ಕ್ರಿಮಿಯ ಪಾಠಕ್ಕಿಂತ ಎಷ್ಟು ಹಳೆಯದು ಎಂದು ನನಗೂ ಗೊತ್ತು. ಪೇಪರ್ ಟವೆಲ್ಲು ಹೊಸ ಕಾಲದ್ದು ಎಂದು ನಾನು ತಂದರೆ, ಅದು ಇವರ ಮಡಿಯ ಪೆಟ್ಟಿಗೆಯಲ್ಲಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತುಬಿಟ್ಟಿತಲ್ಲ!

ನಾನು ಅಲ್ಲೇ ಪಕ್ಷ ಬದಲಿಸಿದೆ. ಅದನ್ನು ಕಲಿಸಿದವರೂ ಅವರೇ.

"ಟೀಚರ್, ಬಟ್ಟೆ ಕುದಿಸಿ ಒಣಗಿಸಿದ್ರೆ ಕ್ರಿಮಿ ಸಾಯಲ್ವಾ?"

"ಸಾಯುತ್ತೆ."

"ಮಧುಗಿರಿ ಬಿಸಿಲು ಸಾಲದಾ?"

"ಸಾಲುತ್ತೆ. ಬೆಟ್ಟದ ಬಂಡೆ ಬೇರೆ ಇದೆ, ಕಾದು ಕಾದು ಊರಿಗೇ ಕಾವು ಕಳಿಸುತ್ತೆ."

"ಹಸೀ ಮಾಂಸಕ್ಕೆ ಬೇರೆ, ಕಟ್ಟೆಗೆ ಬೇರೆ, ಕೈಗೆ ಬೇರೆ ಬಟ್ಟೆ ಇಟ್ಟು, ದಿನಾ ಬದಲಾಯಿಸಿದ್ರೆ?"

"ಅದೂ ಆಗುತ್ತೆ."

"ಹಂಗಾದ್ರೆ ನಮ್ಮನೆ ಬಟ್ಟೆ ಯಾಕೆ ಬೇಡ? ಕಾರಣ ಕೊಡಿ."

ಕನ್ನಡಕದ ದಾರ ಕರಡಿಗೆಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿಕೊಳ್ಳಲು ಅವತ್ತು ಬಹಳ ಹೊತ್ತು ತೆಗೆದುಕೊಂಡರು. "ಯಾರು ಕುದಿಸ್ತಾರೆ? ನಿಮ್ಮಮ್ಮಂಗೆ ಎದ್ದು ನಿಲ್ಲಕ್ಕೆ ಆಗ್ತಿಲ್ಲ. ನೀನು ಕೋರ್ಟಲ್ಲಿ. ನಿಮ್ಮಪ್ಪ ಬಸ್ಸಲ್ಲಿ. ಮಾಡೋ ಜನ ಇಲ್ದಿದ್ರೆ ಪೇಪರೇ ಸರಿ," ಎಂದರು.

ಒಳ್ಳೆಯ ಉತ್ತರವೇ. ನಾನು ಕೇಳಿದ ಪ್ರಶ್ನೆಗೆ ಮಾತ್ರ ಅದು ಉತ್ತರವಲ್ಲ.

"ನಾನು ಕುದಿಸ್ತೀನಿ," ಎಂದೆ.

"ನೀನಾ? ಹಾಲು ಇಟ್ಟು ಓದಕ್ಕೆ ಕೂತು, ಪಾತ್ರೆ ಕರೀ ಮಾಡಿದೋಳು ನೀನೇ ಅಲ್ವೇನೇ?"

ಅಮ್ಮ ಕೂತಲ್ಲಿಂದಲೇ ತಲೆಗೆ ಸುತ್ತಿದ್ದ ಬಟ್ಟೆ ಸರಿಮಾಡಿಕೊಂಡಳು. "ನಿಮ್ಮಿಬ್ರು ವಾದ ಮುಗಿಯೋ ಹೊತ್ಗೆ ನನ್ ಕೂದ್ಲು ಮೊಣಕಾಲ್ಗಂಟ ಬೆಳ್ದಿರ್ತದೆ ಬುಡಿ. ಎರಡೂ ಇಟ್ಕಳಿ. ಒರೆಸಾಕೆ ಕಾಗ್ದ, ಹಿಡಿಯಾಕೆ ಬಟ್ಟೆ. ಈಗ ಯಾರಾನ ಒಂದು ತುತ್ತು ಅನ್ನ ಇಕ್ಕಿ."

ಹಾಗೆ ರಾಜಿಯಾಯಿತು. ಅಪ್ಪ ರಾತ್ರಿ ಊಟಕ್ಕೆ ಕೂತಾಗ, "ಕೋರ್ಟಲ್ಲಿ ಕೇಸು ಇಲ್ಲ ಅಂತ ಅಡುಗೆಮನೇಲಿ ಹಾಕ್ಕೊಂಡವ್ಳೆ," ಎಂದು ನನ್ನ ಕಡೆ ಕಣ್ಣು ಮಿಟುಕಿಸಿದರು.

ಟೀಚರ್ ದಿನಾ ಬಂದರು. ಭಾನುವಾರ ಬರುತ್ತಿರಲಿಲ್ಲ, ಅಂದು ಡಾಕ್ಟರ ಮಾತಿನಂತೆ ಅಪ್ಪ ಕೋಳಿಯನ್ನು ಚೆನ್ನಾಗಿ ಬೇಯಿಸಿ ಅಮ್ಮನಿಗೆ ತಿನ್ನಿಸುತ್ತಿದ್ದರು. ಉಳಿದ ದಿನ ಮೆತ್ತಗಿನ ಮುದ್ದೆ, ತೊವ್ವೆ, ಬಿಸಿ ಅನ್ನ. ಅಮ್ಮನಿಗೆ ಬಾಯಿರುಚಿ ಹೋಗಿತ್ತು. ಟೀಚರ್ ಎದುರು ಕೂತು, ಪರೀಕ್ಷೆಯ ಮೇಲ್ವಿಚಾರಣೆ ಮಾಡುವ ಹಾಗೆ, ತಟ್ಟೆ ಖಾಲಿಯಾಗುವವರೆಗೆ ನೋಡುತ್ತಿದ್ದರು. "ಟೀಚರಮ್ಮ, ನೀವೂ ಒಂದೆರಡು ತುತ್ತು," ಎಂದು ಅಮ್ಮ ದಿನಾ ಕರೆದಳು. ಅವರು ದಿನಾ, "ಆಗಿದೆ ಕಣಮ್ಮ," ಎಂದರು. ಅಮ್ಮನಿಗೆ ಅದು ಬೇಸರ ತರಲಿಲ್ಲ. ನನಗೆ ತಂದಿತು. ಅಮ್ಮನ ಬದಲಿಗೆ ಬೇಸರಪಡುವುದು ನನ್ನ ಜವಾಬ್ದಾರಿ ಎಂದುಕೊಂಡಿದ್ದೆ.

ಆಮೇಲೆ ಒಂದು ಮಧ್ಯಾಹ್ನ ಕೋರ್ಟಿಗೆ ಫೋನು ಬಂತು. ಟೀಚರ ದನಿ. "ನಿಮ್ಮಮ್ಮನ ಮೈ ಬಿಸಿ ಇದೆ. ಕಾರಿಗೆ ಹೇಳಿದೀನಿ. ಬಂದ್ಬಿಡು."

ತುಮಕೂರಿನ ದಾರಿಯುದ್ದಕ್ಕೂ ಅಮ್ಮ ನನ್ನ ತೊಡೆಯ ಮೇಲೆ ನಡುಗುತ್ತಿದ್ದಳು. ನಾನು ಅಡುಗೆಮನೆಯನ್ನು ಮೂಲೆಮೂಲೆ ನೆನೆಯುತ್ತಿದ್ದೆ. ಬಟ್ಟೆ ನಿನ್ನೆ ಬದಲಾಯಿಸಿದೆನೆ? ಅಪ್ಪ ಮಣೆ ಒರೆಸಿದ್ದು ಯಾವುದರಿಂದ? ರಾಜಿಯಲ್ಲಿ ಬಟ್ಟೆ ಉಳಿದದ್ದು ನನ್ನ ವಾದದಿಂದ ಅಲ್ಲವೆ? ಚರ್ಚಾಸ್ಪರ್ಧೆಯಲ್ಲಿ ಸೋತರೆ ಪದಕ ಹೋಗುತ್ತದೆ. ಇಲ್ಲಿ ನನ್ನ ವಾದ ತಪ್ಪಾಗಿದ್ದರೆ ಹೋಗುವ ಜೀವ ನನ್ನ ಕೈ ಹಿಡಿದುಕೊಂಡು ಮಲಗಿತ್ತು. ಟೀಚರ್ ಬಾಗಿಲಲ್ಲಿ ನಿಂತು ಕಳಿಸುವಾಗ ಬಟ್ಟೆಯ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಲಾದರೂ ಆಗುತ್ತಿತ್ತು.

ಆಸ್ಪತ್ರೆಯಲ್ಲಿ ತಕ್ಷಣ ಆಂಟಿಬಯಾಟಿಕ್ ಹಾಕಿದರು. ಅಪ್ಪನಿಗೆ ಆಗ ತುಮಕೂರಿನ ರೂಟು. ಟೀಚರ್ ನಮ್ಮ ಅಡುಗೆಮನೆಯಲ್ಲೇ ಬೇಯಿಸಿ ಡಬ್ಬಿ ಕಟ್ಟಿ ಬಸ್ಸಿನವರೆಗೆ ತಂದುಕೊಡುತ್ತಿದ್ದರು, ಅಪ್ಪ ಸೀಟಿನ ಪಕ್ಕ ಇಟ್ಟುಕೊಂಡು ಬರುತ್ತಿದ್ದರು. ಬೀಗದ ಕೈ ಅವರ ಹತ್ತಿರವೇ ಇತ್ತು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಅವರೊಬ್ಬರೇ. ನೋಡುವವರೂ ಇಲ್ಲ, ವಾದ ಹೂಡುವವರೂ ಇಲ್ಲ.

ಜ್ವರ ಇಳಿಯಿತು. ಇಳಿದ ಬೆಳಿಗ್ಗೆ ಅಮ್ಮ ಮಾಡಿದ ಮೊದಲ ಕೆಲಸ ಡಬ್ಬಿಯ ಮುಚ್ಚಳ ತೆಗೆದು, "ಟೀಚರಮ್ಮ ಇವತ್ತೂ ಉಪ್ಪು ಮರ್ತವ್ರೆ," ಎಂದದ್ದು. ಉಪ್ಪಿಲ್ಲದ ಊಟದ ಮೇಲಿನ ದೂರು ಅಷ್ಟು ಹಿತವಾಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಡಾಕ್ಟರನ್ನು ಹಿಡಿದು ಕೇಳಿದೆ: ಎಲ್ಲಿಂದ ಬಂತು ಇದು? ಅಡುಗೆಮನೆಯಿಂದಲಾ? ಬಟ್ಟೆಯಿಂದಲಾ? ಅವರು ಫೈಲು ಮುಚ್ಚಿ ನಕ್ಕರು. ಮೂಲ ಎಷ್ಟೋ ಸಲ ಸಿಗುವುದೇ ಇಲ್ಲ, ಬಹಳ ಸಲ ರೋಗಿಯ ಮೈಯಲ್ಲೇ ಇರುವ ಕ್ರಿಮಿ ಸಮಯ ನೋಡಿ ತಿರುಗಿ ಬೀಳುತ್ತದೆ, ನಿಮ್ಮ ಅಡುಗೆಮನೆ ಮೇಲೆ ಆರೋಪ ಹೊರಿಸಲು ನನ್ನ ಹತ್ತಿರ ಏನೂ ಇಲ್ಲ ಎಂದರು. ಪೇಪರಾ ಬಟ್ಟೆಯಾ ಎಂದು ಕೇಳಿದ್ದಕ್ಕೆ, "ಹಸೀ ಮಾಂಸ ಮುಟ್ಟಿದ್ದಕ್ಕೆ ಪೇಪರ್ ಹಾಕಿ ಎಸೀರಿ. ಮಿಕ್ಕಿದ್ದಕ್ಕೆ ಕುದಿಸಿ ಒಣಗಿಸಿದ ಬಟ್ಟೆ ಆಗುತ್ತೆ. ಕೈ ತೊಳೀರಿ ಮೊದ್ಲು," ಎಂದು ಮುಂದಿನ ಮಂಚಕ್ಕೆ ಹೋದರು. ನಮ್ಮ ಇಷ್ಟು ದಿನಗಳ ಕೇಸನ್ನು ಅವರು ನಿಂತಲ್ಲೇ ಮುಗಿಸಿದ್ದರು. ನನಗೆ ಅವಮಾನವಾಗಲಿಲ್ಲ. ಆರೋಪಪಟ್ಟಿಯಲ್ಲಿ ಯಾರ ಹೆಸರೂ ಇಲ್ಲ ಎಂಬುದೇ ಸಾಕಾಗಿತ್ತು.

ಅಮ್ಮನನ್ನು ಮನೆಗೆ ಕರೆತಂದ ದಿನ ಬೀದಿಯ ತಿರುವಿನಲ್ಲಿ ಕಾರು ನಿಧಾನವಾಯಿತು. ಟೀಚರ ತಾರಸಿ ಅಲ್ಲಿಂದಲೇ ಕಾಣುತ್ತದೆ, ಹಿಂದೆ ಬೋಳು ಬಂಡೆ, ಮುಂದೆ ಅವರು ಪೂಜೆಯ ಸೀರೆ ಒಣಹಾಕುವ ತಂತಿ. ಆ ತಂತಿಗೆ ಬೇರೆ ಬಟ್ಟೆ ತಾಗಿದರೆ ಕೆಲಸದವಳಿಗೆ ಬೈಗುಳವಾಗುತ್ತಿದ್ದುದನ್ನು ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ. ಅವತ್ತು ಬಿಳೀ ಸೀರೆಯ ಪಕ್ಕದಲ್ಲಿ, ಅಂಚಿಗೆ ಅಂಚು ತಾಗಿ, ಖಾಕಿ ತುಂಡುಗಳು ಒಣಗುತ್ತಿದ್ದವು. ಒಂದರ ಮೇಲೆ ಪ್ಯಾಂಟಿನ ಜೇಬು ಇನ್ನೂ ಹಾಗೇ ಇತ್ತು.

"ಅಯ್ಯೋ, ನಿಮ್ಮಪ್ಪನ್ ಪ್ಯಾಂಟು!" ಎಂದಳು ಅಮ್ಮ.

ಟೀಚರ್ ಇಳಿದುಬಂದರು. ಅಂಗೈಯೆಲ್ಲ ಸೋಡಾಪುಡಿಯಿಂದ ಬಿಳಿಚಿಕೊಂಡಿತ್ತು. ಅಮ್ಮನ ಹಣೆ ಮುಟ್ಟಿ ನೋಡಿದರು, ತಣ್ಣಗಿರುವುದು ಖಾತ್ರಿಯಾಗುವವರೆಗೆ ಕೈ ತೆಗೆಯಲಿಲ್ಲ.

ನಾನು ತಾರಸಿಯ ಕಡೆ ಕೈ ತೋರಿಸಿದೆ. "ಟೀಚರ್, ಅದು?"

"ಪೇಪರ್ ಮುಗೀತು ಕಣೇ. ಏನ್ಮಾಡೋದು? ನೀರೊಲೆ ಹಂಡೇಲಿ ಹಾಕಿ ಕುದಿಸ್ದೆ. ನಿಮ್ಮಪ್ಪನ ಖಾಕಿ ಗಟ್ಟಿ ಬಟ್ಟೆ, ಎಷ್ಟು ಕುದಿಸಿದ್ರೂ ಬಣ್ಣ ಬಿಡ್ತಾನೇ ಇದೆ. ನನ್ ಸೀರೆ ಅಂಚು ನೋಡು, ಹೆಂಗಾಗಿದೆ."

ಅಮ್ಮ ನಕ್ಕಳು. ಟೀಚರೂ ನಕ್ಕರು. ನಾನು ನಗುತ್ತಲೇ ಟಿಪ್ಪಣಿ ಮಾಡಿಕೊಂಡೆ: ಅನಿವಾರ್ಯ. ಬೇರೆ ದಾರಿ ಇರಲಿಲ್ಲ. ಇಷ್ಟರ ಮೇಲೆ ಮನಃಪರಿವರ್ತನೆ ಎಂಬ ತೀರ್ಮಾನಕ್ಕೆ ಬರಲು ಸಾಕ್ಷಿ ಸಾಲದು. ಅವರೇ ಕಲಿಸಿದ ಶಿಸ್ತು.

ಆಮೇಲೆ ಅಮ್ಮ ದಿನದಿನಕ್ಕೆ ಗೆಲುವಾದಳು. ಔಷಧಿಯ ಸುತ್ತುಗಳು ಮುಗಿದವು, ಸ್ಕ್ಯಾನಿನಲ್ಲಿ ಏನೂ ಉಳಿದಿರಲಿಲ್ಲ. ತಲೆಯ ಮೇಲೆ ಮೊದಲ ಕೂದಲು ರಾಗಿ ಪೈರಿನ ಹಾಗೆ ಎದ್ದಾಗ ಟೀಚರ್ ಅದರ ಮೇಲೆ ಕೈಯಾಡಿಸಿ, "ಬೆಳೆ ಚೆನ್ನಾಗಿ ಬಂದಿದೆ," ಎಂದರು. ಅಡುಗೆಮನೆ ಮತ್ತೆ ಅಮ್ಮನದಾಯಿತು. ಟೀಚರ್ ಪಾವಗಡಕ್ಕೆ ಹೊರಟದ್ದು ಅದಾದ ಮೇಲೆ. ತಂಗಿಯೂ ರಿಟೈರ್ ಆಗಿದ್ದರು, ಇಬ್ಬರೂ ಜೊತೆಗಿರೋಣ ಎಂದುಕೊಂಡಿದ್ದರು. ಅಲ್ಲಿಂದ ಫೋನು ಮಾಡಿದಾಗ, "ಹಾಲಿನೋನು ತೆಲುಗಲ್ಲಿ ಲೆಕ್ಕ ಹೇಳ್ತಾನೆ ಕಣೇ, ಕಾರಣ ಕೇಳಕ್ಕೇ ಭಾಷೆ ಬರ್ತಿಲ್ಲ," ಎಂದು ದೂರಿದರು.

ಹೋದ ತಿಂಗಳು ಅಮ್ಮ ಅಡುಗೆಮನೆಗೆ ಸುಣ್ಣ ಹೊಡೆಸಲು ಸಾಮಾನು ಇಳಿಸಿದಳು. ಎಲ್ಲಕ್ಕಿಂತ ಮೇಲಿನ ಹಲಗೆಗೆ ನಾನೂ ಅಮ್ಮನೂ ಸ್ಟೂಲಿಲ್ಲದೆ ಎಟಕುವುದಿಲ್ಲ. ಟೀಚರಿಗೆ ನಿಂತಲ್ಲೇ ಎಟಕುತ್ತಿತ್ತು, ಅವರು ಅಡುಗೆ ಮಾಡುತ್ತಿದ್ದ ದಿನಗಳಲ್ಲಿ ಅಲ್ಲಿ ಸಾಮಾನು ಜೋಡಿಸಿದವರು ಅವರೊಬ್ಬರೇ. ಅಮ್ಮ ಹಿಟ್ಟನ್ನು ಕೆಳಗಿನ ಹಲಗೆಗೆ ತಂದುಕೊಂಡ ಮೇಲೆ ಯಾರೂ ಮುಟ್ಟದೆ ಉಳಿದಿದ್ದ ರಾಗಿಹಿಟ್ಟಿನ ಹಳೇ ಡಬ್ಬದ ಹಿಂದೆ ಒಂದು ಪೇಪರ್ ಟವೆಲ್ಲಿನ ಸುರುಳಿ ಸಿಕ್ಕಿತು. ಪ್ಲಾಸ್ಟಿಕ್ ಹೊದಿಕೆ ಹರಿದಿರಲಿಲ್ಲ.

ನಾನು ಅದನ್ನು ಹಿಡಿದು ಸ್ಟೂಲಿನ ಮೇಲೇ ನಿಂತುಬಿಟ್ಟೆ. ಪೇಪರ್ ಮುಗೀತು ಎಂದಿದ್ದರಲ್ಲ? ಮರೆತಿರಬಹುದು. ವಯಸ್ಸಾಗಿದೆ, ಗಾಬರಿಯ ದಿನಗಳು. ಡಬ್ಬದ ಮರೆಯಲ್ಲಿ ಕಾಣದೆಯೂ ಹೋಗಿರಬಹುದು. ಆದರೆ ನಮ್ಮ ಮನೆಯಲ್ಲಿ ದಿನಾ ಮುದ್ದೆ ಕಟ್ಟುತ್ತಿದ್ದವರು ಅವರೇ, ರಾಗಿಹಿಟ್ಟಿನ ಡಬ್ಬವನ್ನು ದಿನಾ ಇಳಿಸಿ ದಿನಾ ಏರಿಸುತ್ತಿದ್ದವರು ಅವರೇ.

"ಮೊಕ ಯಾಕಂಗ್ ಮಾಡ್ಕಂಡಿದ್ದೀಯೆ?" ಎಂದು ಅಮ್ಮ ಕೆಳಗಿಂದ ಕೇಳಿದಳು. ಹೇಳಿದೆ. ಅಮ್ಮನಿಗೆ ಅದರಲ್ಲಿ ಕೇಸೇ ಕಾಣಲಿಲ್ಲ. "ಕಂಡಿತ್ತೋ ಕಾಣ್ದೇ ಹೋಯ್ತೋ. ನಾನು ಬದುಕ್ಬಂದೆ, ಅವ್ರು ಬಟ್ಟೆ ಒಗುದ್ರು. ಇನ್ನೇನೇ ಬೇಕು ನಿಂಗೆ?"

ನನಗೆ ಬೇಕು. ಈ ಭಾನುವಾರ ಅಪ್ಪನ ಬಸ್ಸಿನಲ್ಲೇ ಅಮ್ಮನ ಜೊತೆ ಪಾವಗಡಕ್ಕೆ ಹೋದೆ, ಸುರುಳಿಯನ್ನು ಚೀಲದಲ್ಲಿಟ್ಟುಕೊಂಡು. ಅಮ್ಮ ದಾರಿಯುದ್ದಕ್ಕೂ ಕಿಟಕಿಯ ಗಾಳಿಗೆ ಗಿಡ್ಡ ಕೂದಲು ಹಾರಿಸಿಕೊಂಡು ಕೂತಿದ್ದಳು. ಟೀಚರ್ ಬಾಗಿಲಲ್ಲೇ ಅಮ್ಮನ ಕೈ ಹಿಡಿದುಕೊಂಡರು, ನೇರ ಅಡುಗೆಮನೆಗೆ ಕರೆದುಕೊಂಡು ಹೋದರು, ಒಲೆಯ ಪಕ್ಕದಲ್ಲೇ ಕೂರಿಸಿದರು. ಇಬ್ಬರೂ ಹುರಿದ ಕಡಲೆಕಾಯಿ ಬಿಡಿಸುತ್ತ ಬೀದಿಯ ಸುದ್ದಿಗೆ ಇಳಿದರು. ನಾನು ಒಳಗೆ ಹೋಗಿ, ಒಡೆಯದ ಆ ಸುರುಳಿಯನ್ನು ಅವರಿಬ್ಬರ ನಡುವೆ, ಕಡಲೆಕಾಯಿ ಸಿಪ್ಪೆಯ ಪಕ್ಕದಲ್ಲಿ ಇಟ್ಟೆ. ಟೀಚರ್ ಅದನ್ನು ನೋಡಿದರು, ನನ್ನನ್ನು ನೋಡಿದರು, ಇನ್ನೊಂದು ಕಾಯಿ ಬಿಡಿಸಿ ಬೀಜವನ್ನು ಅಮ್ಮನ ಅಂಗೈಗೆ ಹಾಕಿದರು.

"ಟೀಚರ್, ಇದು ರಾಗಿಹಿಟ್ಟಿನ ಡಬ್ಬದ ಹಿಂದೆ ಸಿಕ್ತು. ಇದು ಅಲ್ಲಿದೆ ಅಂತ ಗೊತ್ತಿದ್ದೂ ನಮ್ಮನೆ ಮಸಿಬಟ್ಟೆ ನಿಮ್ಮ ತಂತಿಗೆ ಹಾಕಿದ್ರಾ?"